ಕಾರ್ಟ್‌ನಿಂದ ಇಳಿದ ಮೇಲಿನ ಐದು ನಿಮಿಷ

ಬೆಂಗಳೂರಿನಲ್ಲಿ ಮಕ್ಕಳಿಗೆ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿ ಓಡಿಸೋದು) ಕಲಿಸಲು ಶುರು ಮಾಡಿ ಹದಿಮೂರು ವರ್ಷವಾಯಿತು. ಹೊಸದಾಗಿ ಬರುವ ಅಪ್ಪಂದಿರ ಮೊದಲ ಪ್ರಶ್ನೆ ಇವತ್ತಿಗೂ ಒಂದೇ: "ಸರ್, ನಮ್ಮ ಹುಡುಗ ಫಾರ್ಮುಲಾ ಒನ್ ತನಕ ಹೋಗ್ತಾನಾ?" ಹುಡುಗನಿಗೆ ಒಂಬತ್ತು ವರ್ಷ. ಹೆಲ್ಮೆಟ್ ಇನ್ನೂ ತಲೆ ಮೇಲೆ ನೆಟ್ಟಗೆ ಕೂರುತ್ತಿಲ್ಲ.

ಮೊದಲ ತಿಂಗಳು ನಾನು ಕಲಿಸುವುದು ಬ್ರೇಕ್ ಮಾತ್ರ. ಮಕ್ಕಳ ಕಾರ್ಟ್‌ನಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಆಕ್ಸಲ್ (ಎರಡು ಚಕ್ರ ಸೇರಿಸುವ ದಂಡ) ಒಂದನ್ನೇ. ಸ್ಟೀರಿಂಗ್ ತಿರುಗಿಸಿಕೊಂಡೇ ಜೋರಾಗಿ ಒತ್ತಿದರೆ ಗಾಡಿ ಗಿರ್ರನೆ ಸುತ್ತುತ್ತದೆ. ನೇರ ಇರುವಾಗಲೇ ಒತ್ತು, ಬಿಡುತ್ತಾ ತಿರುಗಿಸು. ಇಷ್ಟೇ.

ಆಮೇಲಿನದು ಸ್ವಲ್ಪ ಕಷ್ಟ. ಕಾರ್ಟ್‌ಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಹತ್ತಲ್ಲ. ಅದಕ್ಕೇ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಕೈ ಕೈ ಹಿಡಿಸಿ, "ಒಂದೇ ಅಳತೆಯ ಹೆಜ್ಜೆ ಹಾಕುತ್ತಾ ಈ ತಿರುವಿನಲ್ಲಿ ನಡೀರಿ" ಅನ್ನುತ್ತೇನೆ. ನಾಲ್ಕು ಹೆಜ್ಜೆಗೇ ಎಳೆದಾಟ. ಆಗ ಒಳಗಿನವನನ್ನು ಸೊಂಟ ಹಿಡಿದು ಎತ್ತುತ್ತೇನೆ. ಹೊರಗಿನವನು ಸಲೀಸಾಗಿ ತಿರುಗುತ್ತಾನೆ. ತಿರುವಿನಲ್ಲಿ ಒಳಗಡೆಯ ಹಿಂದಿನ ಚಕ್ರ ಕೊಂಚ ಮೇಲೇಳಬೇಕು ಅನ್ನುವುದು ಅಲ್ಲಿಗೆ ತಲೆಗೆ ಹೋಯಿತು. (ನನ್ನ ಬೆನ್ನು ಮಾತ್ರ ಈಗೀಗ ತಕರಾರು ಮಾಡುತ್ತದೆ.)

ಆದರೆ ನಾನು ಜಾಸ್ತಿ ನೋಡುವುದು ಗಾಡಿಯಿಂದ ಇಳಿದ ಮೇಲಿನ ಐದು ನಿಮಿಷವನ್ನು. ಸ್ಟೀರಿಂಗ್ ಮೇಲಿನ ಲ್ಯಾಪ್ ಟೈಮರ್‌ಗೆ ಕಪ್ಪು ಟೇಪ್ ಅಂಟಿಸಿರುತ್ತೇನೆ. ಎಲ್ಲಿ ಮುಂದಿನ ಚಕ್ರ ಜಾರಿತು, ಎಲ್ಲಿ ಹಿಂದಿನದು? ಹೇಳಿದ ಮೇಲೇ ಟೈಮ್ ತೋರಿಸೋದು. "ಚೆನ್ನಾಗಿತ್ತು ಸರ್" ಅಂದರೆ ಮತ್ತೆ ಹೋಗಿ ಬಾ ಅಂತೀನಿ. ಮುಂದೆ ದೊಡ್ಡ ಟೀಮಿಗೆ ಹೋದಾಗ ಟೆಸ್ಟಿಂಗ್ ಸಿಗುವುದು ಕಡಿಮೆ. ಎಂಜಿನಿಯರ್ ಪರದೆಯ ಮೇಲೆ ಡೇಟಾದ ಗೆರೆ ನೋಡಬಹುದು, ಸೀಟಿನಲ್ಲಿ ಏನನ್ನಿಸಿತು ಅಂತ ಹುಡುಗನೇ ಹೇಳಬೇಕು ಅಲ್ವಾ?

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ಒಬ್ಬ ಹುಡುಗ, ತುಂಬಾ ವೇಗ. ಆತುರಪಟ್ಟು 125 ಸಿಸಿ ಜೂನಿಯರ್ ಕ್ಲಾಸಿಗೆ ಹತ್ತಿಸಿದೆ. ವಯಸ್ಸು ಸಾಕಿತ್ತು, ಮೈ ಸಾಕಾಗಿರಲಿಲ್ಲ. ಗಾಡಿ, ಹುಡುಗ ಸೇರಿ ಆ ಕ್ಲಾಸಿಗೆ ಇರಬೇಕಾದ ಕನಿಷ್ಠ ತೂಕ ಮುಟ್ಟಿಸಲು ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿದೆವು. ಪ್ರತಿ ರೇಸಿನ ಮಾರನೇ ದಿನ ಪಕ್ಕೆ ನೋವು. ಆರು ತಿಂಗಳಲ್ಲಿ ಹುಡುಗ ಬರೋದನ್ನೇ ಬಿಟ್ಟ. ಅವನ ಗ್ಲೌಸ್ ಇನ್ನೂ ನನ್ನ ಡಬ್ಬದಲ್ಲಿದೆ.

ಅಪ್ಪ ಅಮ್ಮಂದಿರಿಗೆ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾರ್ಟಿಂಗ್ ಆದ ಮೇಲಿನ ಮೆಟ್ಟಿಲಾದ ಫಾರ್ಮುಲಾ 4ಕ್ಕೆ 15 ವರ್ಷ ತುಂಬಿರಬೇಕು. ಫಾರ್ಮುಲಾ ಒನ್‌ಗೆ ಬೇಕಾದ ಸೂಪರ್ ಲೈಸೆನ್ಸ್‌ಗೆ ಕೆಳಗಿನ ರೇಸ್ ಸರಣಿಗಳಲ್ಲಿ 40 ಪಾಯಿಂಟ್ ಕೂಡಿಸಬೇಕು. ಭಾರತದಿಂದ ಅಲ್ಲಿ ರೇಸ್ ಓಡಿಸಿದವರು ಇಬ್ಬರೇ: 2005ರಲ್ಲಿ ಶುರು ಮಾಡಿದ ನರೇನ್ ಕಾರ್ತಿಕೇಯನ್, 2010ರಲ್ಲಿ ಶುರು ಮಾಡಿದ ಕರುಣ್ ಚಾಂದೋಕ್. ಹಾಗಂತ ಬೇರೆ ದಾರಿಯೇ ಇಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2 ಓಡಿಸಿ, ಆಮೇಲೆ ಜರ್ಮನಿಯ ಕಾರ್ ರೇಸ್ ಸರಣಿ ಡಿಟಿಎಂಗೆ ಹೋದರು. ಅದೂ ಕೆಲಸವೇ, ಸಂಬಳ ಬರುವ ಕೆಲಸ. ಇದನ್ನು ಕೇಳಿ ಮುಖ ಸಪ್ಪೆ ಮಾಡುವ ಅಪ್ಪಂದಿರೂ ಇದ್ದಾರೆ.

ಹೋದ ತಿಂಗಳು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದಳು. "ಸರ್, ಮೊದಲು ಚೆನ್ನಾಗಿ ಹಿಡೀತಿತ್ತು. ಎಂಟನೇ ಲ್ಯಾಪಿಂದ ಹಿಂದೆ ಜಾರೋಕೆ ಶುರು ಆಯ್ತು. ಟೈರ್ ಬಿಸಿಯಾಗಿ ಗಾಳಿ ಜಾಸ್ತಿ ಆಯ್ತಾ?" ಗಾಳಿ ಅಳೆಯುವ ಗೇಜ್ ಹಾಕಿ ನೋಡಿದೆ. ಹೌದು, ನಾವು ಅಂದುಕೊಂಡಿದ್ದಕ್ಕಿಂತ ಮೇಲಿತ್ತು. ಮುಂದಿನ ಸಲ ಅರ್ಧ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಇಟ್ಟು ಕಳಿಸೋಣ ಅಂದೆ.

ಬೇಲಿಯಾಚೆಯಿಂದ ಅವಳಪ್ಪ "ಟೈಮ್ ಎಷ್ಟು ಪುಟ್ಟೀ?" ಅಂತ ಕೂಗುತ್ತಿದ್ದರು. ಅವಳು ತಿರುಗಿಯೂ ನೋಡಲಿಲ್ಲ. ಗೇಜ್ ಇಸಿದುಕೊಂಡು ಇನ್ನೊಂದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.