ಒಂದೇ ಸೆಲ್ ಮೇಲೆ ನಾಲ್ಕು ತಿಂಗಳು: ನನ್ನ ಬಿಟ್‌ಕಾಯಿನ್ ಡಿಸ್‌ಪ್ಲೇ

ವೈಫೈ ಮೂಲಕ ಬಿಟ್‌ಕಾಯಿನ್ ಬೆಲೆ ತಂದು ತೋರಿಸುವ ಪುಟ್ಟ ಡಿಸ್‌ಪ್ಲೇಯನ್ನು ಬ್ಯಾಟರಿ ಮೇಲೆ ಓಡಿಸಬೇಕು ಅಂತ ಹೊರಟಿದ್ದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಲ್ ಕೊಡುವಾಗಲೇ ಅಂಗಡಿಯವರು ಹೇಳಿದ್ದರು, "ಸಾರ್, ವೈಫೈ ಬೋರ್ಡು ಬ್ಯಾಟರಿ ಮೇಲೆ ನಿಲ್ಲಲ್ಲ, ಸುಮ್ನೆ ಅಡಾಪ್ಟರ್ ತಗೊಳ್ಳಿ." ಆಫೀಸಿನ ಗೆಳೆಯರದ್ದೂ ಅದೇ ಮಾತು. ಆ 18650 ಸೆಲ್ (ರೀಚಾರ್ಜ್ ಮಾಡುವ ಲಿಥಿಯಂ ಸೆಲ್) ಒಂದು ಸಲವೂ ಚಾರ್ಜ್ ಮಾಡದೆ ನಾಲ್ಕು ತಿಂಗಳು ದಾಟಿದೆ. ನಿನ್ನೆ ಮೀಟರ್ ಹಿಡಿದೆ, ಇನ್ನೂ 3.6 ವೋಲ್ಟ್ ಇದೆ.

ಮೊದಲು ಮಾಡಿದ್ದು ಇಎಸ್‌ಪಿ8266 ಎಂಬ ವೈಫೈ ಚಿಪ್ಪಿನ ಬೋರ್ಡು ಮತ್ತು ಟಿಎಫ್‌ಟಿ ಬಣ್ಣದ ಪರದೆಯಲ್ಲಿ. ಎಚ್‌ಟಿಟಿಪಿಎಸ್ (ಸೈಟಿನ ಜೊತೆ ಗೂಢಲಿಪಿಯ ಸಂಪರ್ಕ) ಶುರುವಾದರೆ ಮೆಮೊರಿ ಸಾಲದೆ ಬೋರ್ಡು ರೀಸ್ಟಾರ್ಟ್ ಆಗುತ್ತಿತ್ತು. ಬೆಲೆ ಕೊಡುವ ಸೈಟಿನ ಸರ್ಟಿಫಿಕೇಟಿನ (ಅದರ ಗುರುತುಪತ್ರ) ಫಿಂಗರ್‌ಪ್ರಿಂಟ್ ಕೋಡಲ್ಲೇ ಬರೆದಿದ್ದೆ, ಸೈಟಿನವರು ಸರ್ಟಿಫಿಕೇಟ್ ಬದಲಿಸಿದ ದಿನ ಎಲ್ಲ ನಿಂತುಹೋಯಿತು. ಅದನ್ನು ಬಿಟ್ಟು ಹೆಚ್ಚು ಮೆಮೊರಿಯ ಇಎಸ್‌ಪಿ32 ಬೋರ್ಡು ಮತ್ತು 2.9 ಇಂಚಿನ ಇ-ಪೇಪರ್ (ಚಿತ್ರ ಬದಲಾಗುವಾಗ ಮಾತ್ರ ಕರೆಂಟ್ ಬೇಡುವ ಪರದೆ) ತಂದೆ. ಡಬ್ಬಿಗೆ ಕೂರಿಸುವಾಗ ಇ-ಪೇಪರಿನ ತೆಳು ರಿಬ್ಬನ್ ಕೇಬಲ್ ಮಡಿಕೆಯಲ್ಲಿ ಸೀಳಿತು. ಸುಮಾರು 1,600 ರೂಪಾಯಿ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ.

ಎರಡನೇ ಪ್ಯಾನೆಲ್ ಹಾಕಿದ ಮೇಲೂ ಸೆಲ್ ಒಂಬತ್ತೋ ಹತ್ತೋ ದಿನ ಬಂತು, ಅಷ್ಟೇ. ಚಿಪ್ ಡೀಪ್ ಸ್ಲೀಪಿನಲ್ಲಿ (ಎರಡು ಅಪ್‌ಡೇಟಿನ ನಡುವೆ ಮಲಗಿರುವಾಗ) 10 ಮೈಕ್ರೋಆಂಪ್ ಆಸುಪಾಸು ಎಳೆಯುತ್ತದೆ, ಆದರೆ ಬೋರ್ಡು ಎಳೆಯುತ್ತಿದ್ದದ್ದು ಹೆಚ್ಚುಕಮ್ಮಿ 10 ಮಿಲಿಆಂಪ್! ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್, ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸುವ ಚಿಪ್), ಮೂರೂ ಸೇರಿ ಕುಡಿಯುತ್ತಿದ್ದವು. ಬೋರ್ಡಿನ ಸಹವಾಸವೇ ಬೇಡ ಅಂತ ಬರೀ ಇಎಸ್‌ಪಿ32 ಮಾಡ್ಯೂಲ್ ತಂದು, ಎಚ್‌ಟಿ7333 ರೆಗ್ಯುಲೇಟರ್ ಹಾಕಿ ಸಾಲ್ಡರ್ ಮಾಡಿದೆ. ಮೀಟರ್ 30 ಮೈಕ್ರೋಆಂಪಿಗಿಂತ ಕೆಳಗೆ ಇಳಿಯಿತು.

ಆಮೇಲೆ ಬ್ರೌನ್‌ಔಟ್ ಕಾಟ, ಅಂದರೆ ವೋಲ್ಟೇಜ್ ಕುಸಿದು ಚಿಪ್ ರೀಸ್ಟಾರ್ಟ್ ಆಗುವುದು. ಎಚ್‌ಟಿ7333 ಕೊಡುವುದು 250 ಮಿಲಿಆಂಪ್, ವೈಫೈ ಆನ್ ಆದ ಕ್ಷಣ ಅದಕ್ಕಿಂತ ಜಾಸ್ತಿ ಬೇಕು. ಕೋಡಲ್ಲಿ ಬ್ರೌನ್‌ಔಟ್ ಪತ್ತೆಯನ್ನೇ ಆಫ್ ಮಾಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದು ರೋಗ ಮುಚ್ಚಿಟ್ಟ ಹಾಗೆ. ಆ ಕ್ಷಣದ ಕೊರತೆ ತುಂಬಲು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಮೊದಲು ನಾಲ್ಕಿಂಚು ವೈರ್ ದೂರದಲ್ಲಿ. ಏನೂ ಉಪಯೋಗವಾಗಲಿಲ್ಲ. ಮಾಡ್ಯೂಲಿನ ಕಾಲಿಗೆ ಒತ್ತಿ ಕೂರಿಸಿದೆ ನೋಡಿ, ಅವತ್ತಿಂದ ಒಂದು ರೀಸ್ಟಾರ್ಟೂ ಇಲ್ಲ.

ಡಿಸ್‌ಪ್ಲೇ ಹತ್ತು ನಿಮಿಷಕ್ಕೊಮ್ಮೆ ಏಳುತ್ತದೆ. ಬಿಟ್‌ಕಾಯಿನ್ ಬ್ಲಾಕ್ (ವ್ಯವಹಾರಗಳ ಒಂದು ಕಂತೆ) ಬರುವುದೂ ಸರಾಸರಿ ಹತ್ತು ನಿಮಿಷಕ್ಕೇ, ಅದಕ್ಕಿಂತ ಆತುರ ಯಾಕೆ ಅಲ್ವಾ? ಎದ್ದಿರುವ ಹೊತ್ತನ್ನು ಒಂಬತ್ತು ಸೆಕೆಂಡಿನಿಂದ ನಾಲ್ಕಕ್ಕೆ ಇಳಿಸಿದ್ದೇ ನನ್ನ ದೊಡ್ಡ ಗೆಲುವು. ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ), ರೂಟರ್ ಚಾನೆಲ್ ನೆನಪಿಟ್ಟುಕೊಳ್ಳುವುದು, ಇವೆರಡರಿಂದ ಪ್ರತಿ ಸಲ ಹುಡುಕುವ ಹೊತ್ತು ಉಳಿಯುತ್ತದೆ. ಇನ್ನೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಒಟ್ಟು ಖರ್ಚು 6,500 ಹತ್ತಿರ ಆಗಿದೆ. ಅದರಲ್ಲಿ ಅರ್ಧ ಕೆಟ್ಟುಹೋದದ್ದಕ್ಕೇ. ಇವತ್ತು ಇನ್ನೊಂದು ಮಾಡಿದರೆ 2,700ಕ್ಕೆ ಮುಗಿಸುತ್ತೇನೆ.

ಬೆಲೆ ರೂಪಾಯಿಯಲ್ಲೇ ಬೇಕಿತ್ತು. ಲೈಬ್ರರಿ ಫಾಂಟಿನಲ್ಲಿ ₹ ಇಲ್ಲ, ಲಕ್ಷದ ಜಾಗಕ್ಕೆ ಕಾಮಾನೂ ಬೀಳುವುದಿಲ್ಲ. ಎರಡನ್ನೂ ನಾನೇ ಬರೆದೆ. ಆದರೆ ಬೆಲೆಗಿಂತ ಬ್ಲಾಕ್ ನಂಬರ್ ನನಗೆ ಇಷ್ಟ. 2024ರ ಏಪ್ರಿಲ್‌ನಲ್ಲಿ 8,40,000ನೇ ಬ್ಲಾಕಿಗೆ ಮೈನರ್‌ಗಳ (ಕಂಪ್ಯೂಟರ್ ಓಡಿಸಿ ಬ್ಲಾಕ್ ಸೇರಿಸುವವರು) ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಆ ಎಣಿಕೆ ಯಾರಿಗೂ ಕಾಯದೆ ಮುಂದೆ ಹೋಗುತ್ತಲೇ ಇರುತ್ತದೆ, ನೋಡುತ್ತಾ ಕೂರಬೇಕು ಅನಿಸುತ್ತದೆ. ಅದನ್ನು ಕನ್ನಡ ಅಂಕಿಯಲ್ಲಿ ತೋರಿಸೋಣ ಅಂತ ಹೊರಟು ಎರಡು ವಾರ ಕಳೆದೆ. ಚಿಕ್ಕದಾಗಿ ಬರೆದರೆ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಗ್ರಾಫ್ ಹಾಳೆಯಲ್ಲಿ 24 ಚೌಕ ಅಗಲ, 32 ಚೌಕ ಎತ್ತರಕ್ಕೆ ಹತ್ತೂ ಅಂಕಿ ಬಿಡಿಸಿ, ೯ರ ಬಾಲವನ್ನು ಎರಡು ಚೌಕ ಉದ್ದ ಮಾಡಿದೆ. ಈಗ ಅಪ್ಪ ಬಾಗಿಲಲ್ಲೇ ನಿಂತು, ಕನ್ನಡಕ ಇಲ್ಲದೆ ಓದುತ್ತಾರೆ.