ಈರುಳ್ಳಿ ಹೊಲದ ಹೆಂಗಸರ ಮಂಡಿನೋವು, ಕಾಲು ಜೋಮು: ಕರೆಂಟ್ ಮಷೀನ್ ಬಿಟ್ಟಮೇಲೆ ನಾನು ಮಾಡಿದ್ದು

"ಈ ಹೆಂಗಸರು ಎಕ್ಸರ್‌ಸೈಜ್ ಎಲ್ಲಿ ಮಾಡ್ತಾರೋ, ಕರೆಂಟ್ ಕೊಟ್ಟು ಕಳ್ಸು ಸುಮ್ನೆ" ಅಂದಿದ್ದ ನನ್ನ ಬ್ಯಾಚಿನ ಗೆಳೆಯನೇ ಮೊನ್ನೆ ಫೋನ್ ಮಾಡಿ, ಮಂಡಿನೋವಿನವ್ರ ಕಾಲಿಗೆ ಕಟ್ಟಿಸೋ ಆ ಮರಳು ಚೀಲ ಎಲ್ಲಿ ಹೊಲಿಸ್ದೆ ಅಂತ ಕೇಳ್ದ. ಅದಕ್ಕೇ ಬರೀತಿದೀನಿ, ನಮ್ಮ ಫಿಸಿಯೋದವ್ರಿಗೆ ಉಪಯೋಗ ಆಗ್ಲಿ.

ದಾವಣಗೆರೇಲಿ ನನ್ನ ಕ್ಲಿನಿಕ್. ಜಗಳೂರು, ಚಳ್ಳಕೆರೆ ಕಡೆಯಿಂದ ಕೂಲಿ ಹೆಂಗಸರೇ ಜಾಸ್ತಿ ಬರೋದು. ಈರುಳ್ಳಿ ಕಳೆ ಶುರುವಾಯ್ತು ಅಂದ್ರೆ ದಿನಕ್ಕೆ ಆರೇಳು ತಾಸು ಕುಕ್ಕರಗಾಲಲ್ಲೇ ಇರ್ತಾರೆ. ಮಂಡಿ ಊದುತ್ತೆ, ಕಾಲಿನ ಹೊರಗಡೆಯಿಂದ ಪಾದದ ಮೇಲಿನ ತನಕ ಜೋಮು, ಕೆಲವ್ರಿಗೆ ಹೆಬ್ಬೆರಳು ಎತ್ತಕ್ಕೇ ಆಗಲ್ಲ, ಎಡವ್ತಾ ಬರ್ತಾರೆ. ಮೊದಲು ನಾನೂ ಐಎಫ್‌ಟಿ ಅನ್ನೋ ಕರೆಂಟ್ ಮಷೀನು, ನೋವಿಗೆ ಕೊಡೋ ಅಲ್ಟ್ರಾಸೌಂಡ್ ಅಂತಲೇ ಇದ್ದೆ. ಮಷೀನುಗಳಿಗೆ ಒಂದೂ ಮುಕ್ಕಾಲು ಲಕ್ಷದ ಹತ್ರ ಆಯ್ತು, ಮೂರು ವರ್ಷ ಇಎಂಐ ಕಟ್ಟಿದೀನಿ. ಹತ್ತು ಸಿಟ್ಟಿಂಗಿಗೆ ಅವರಿಗೆ 2000 ಖರ್ಚು, ಬಸ್ಸೇನೋ ಹೆಂಗಸರಿಗೆ ಫ್ರೀ, ಆದ್ರೆ ಬಂದ ದಿನದ 300-350 ಕೂಲಿ ಹೋಗುತ್ತಲ್ಲ. ಮೂರು ದಿನ ಹಗುರ ಅನ್ಸೋದು, ನಾಲ್ಕನೇ ದಿನ ಹೊಲಕ್ಕೆ ಹೋದ್ರೆ ಮತ್ತೆ ಅದೇ ನೋವು.

ನನ್ನ ಕಣ್ಣು ತೆರೆಸಿದ್ದು ಒಬ್ಬ ಯಮ್ಮ. ಪಾದ ಎತ್ತಕ್ಕಾಗ್ತಿರ್ಲಿಲ್ಲ, ಸಾಲ ಮಾಡಿ ಎಂಆರ್‌ಐ ಮಾಡಿಸ್ಕೊಂಡು ಬಂದಿದ್ರು, ಎಲ್4-ಎಲ್5 ಬಲ್ಜ್, ಅಂದ್ರೆ ಸೊಂಟದ ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟು. ನಾನು ರಿಪೋರ್ಟ್ ನೋಡಿ ಆರು ವಾರ ಸೊಂಟ ಎಳೆಯೋ ಟ್ರ್ಯಾಕ್ಷನ್ ಹಾಕ್ದೆ. ಏನೂ ಆಗ್ಲಿಲ್ಲ. ನೋವೇ ಇಲ್ಲದವ್ರಿಗೂ ಬಲ್ಜ್ ಕಾಣುತ್ತೆ ಅಂತ ಓದಿದ್ದು ಆಗ ನೆನಪಾಗ್ಲೇ ಇಲ್ಲ. ಆಮೇಲೆ ಒಂದಿನ ಪಾದ ಒಳಗಡೆ ತಿರುಗ್ಸಮ್ಮಾ ಅಂದೆ, ಗಟ್ಟಿಯಾಗಿ ತಿರುಗ್ಸಿದ್ರು. ಮಗ್ಗುಲಲ್ಲಿ ಮಲಗಿಸಿ ಕಾಲೆತ್ತಿಸ್ದೆ, ಅದೂ ಗಟ್ಟಿ. ಸೊಂಟದ ಎಲ್5 ನರ ಹೋಗಿದ್ರೆ ಇವೆರಡೂ ಸೋಲ್ಬೇಕಿತ್ತು. ಮಂಡಿ ಹೊರಗಡೆ ಫಿಬುಲಾ (ಕಾಲಿನ ಹೊರಗಡೆ ಮೂಳೆ) ಕತ್ತಿನ ಮೇಲೆ ಬೆರಳಲ್ಲಿ ತಟ್ಟಿದೆ, "ಅಯ್ಯಯ್ಯೋ, ಬೆರಳಿನ ತಂಕ ಕರೆಂಟ್ ಹೊಡೀತು ಡಾಕ್ಟ್ರೆ" ಅಂದ್ರು. ತೊಂದ್ರೆ ಸೊಂಟದಲ್ಲಿ ಇರ್ಲೇ ಇಲ್ಲ, ಕುಕ್ಕರಗಾಲಲ್ಲಿ ಪಾದ ಎತ್ತಿಸೋ ಪೆರೋನಿಯಲ್ ನರ ಅಲ್ಲಿ ಒತ್ತಿಹೋಗಿತ್ತು. ಆ ಆರು ವಾರವೂ ಅವರು ಸಿಟ್ಟಿಂಗ್ ಇಲ್ಲದ ದಿನ ಕಳೆಗೆ ಹೋಗ್ತಿದ್ರಂತೆ, ನಾನು ಕೇಳೇ ಇರ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ಕುಕ್ಕರಗಾಲು ಪೂರ್ತಿ ಬಂದ್, ಎಎಫ್‌ಓ (ಪಾದ ಜೋಲದ ಹಾಗೆ ಹಿಡಿಯೋ ಪಟ್ಟಿ) ಹಾಕಿಸಿದ್ದು, ದಿನಾ ಪಾದದ ಎಕ್ಸರ್‌ಸೈಜ್. ಎರಡೂವರೆ ತಿಂಗಳಿಗೆ ಪಾದ ಎತ್ತಿದ್ರು. ಎರಡು ಸೀಸನ್ನಲ್ಲಿ ಇಂಥವು ಏಳು ಬಂದಿರ್ಬೇಕು, ಐದು ಪೂರ್ತಿ ಸರಿಯಾದ್ವು, ಒಂದು ಅರ್ಧ, ಇನ್ನೊಂದು ನಿಜವಾಗ್ಲೂ ಡಿಸ್ಕೇ ಇತ್ತು, ನ್ಯೂರೋ ಕಡೆ ಕಳಿಸ್ದೆ. ಮೂತ್ರ ಕಟ್ಟಿದೆ, ತೊಡೆ ಸಂದು ಮರಗಟ್ಟಿದೆ ಅಂದ್ರೆ ಮಾತ್ರ ಒಂದು ನಿಮಿಷವೂ ಇಟ್ಕೋಬೇಡಿ, ಆಗಿಂದಾಗ್ಲೇ ದೊಡ್ಡಾಸ್ಪತ್ರೆಗೆ ಕಳಿಸಿ.

ಮಂಡಿನೋವಿಗೆ ಕಾಲಿಗೆ ತೂಕ ಕಟ್ಟಿಸ್ದೆ, ಇಲ್ಲೇ ಎಲ್ರೂ ನಕ್ಕಿದ್ದು. ಕಾಲಿಗೆ ಕಟ್ಟೋ ರೆಡಿಮೇಡ್ ವೇಟ್ ಕಫ್ ಒಂದು ಜೊತೆಗೆ ಏಳೆಂಟು ನೂರು, ಯಾರು ತಗೋತಾರೆ? ಮಂಡಕ್ಕಿ ಭಟ್ಟಿಯಿಂದ ಹುರಿಯೋ ಮರಳು ತಂದೆ, ಸಣ್ಣಗೆ ಒಣಗಿರುತ್ತೆ, ಹಳೇ ಜೀನ್ಸ್ ಪ್ಯಾಂಟಿನ ಕಾಲಲ್ಲಿ ಟೈಲರ್ ಹತ್ರ ಹೊಲಿಸ್ದೆ, ಚೀಲಕ್ಕೆ 40 ರೂಪಾಯಿ. ಮೊದಲು 3 ಕೆಜಿ ಹಾಕಿ ಕೆಟ್ಟೆ, ನಾಲ್ಕು ಜನಕ್ಕೆ ಮಂಡಿ ಊದಿ ವಾಪಸ್ಸೇ ಬರ್ಲಿಲ್ಲ. ಈಗ ಅರ್ಧ ಕೆಜಿಯಿಂದ ಶುರು, ಮಾರನೇ ದಿನ ಬೆಳಿಗ್ಗೆ ನೋವು ಜಾಸ್ತಿ ಇದ್ರೆ ಕಾಲೆತ್ತೋ ಎಣಿಕೆ ಅರ್ಧ ಮಾಡು, ಇಲ್ಲಾಂದ್ರೆ ಏರ್ಸು. ಹೊಸ್ತಿಲ ಮೇಲೆ ಹತ್ತಿ ಇಳೀರಿ ಅಂದಿದ್ದೆ, ಒಬ್ರೂ ಮಾಡ್ಲಿಲ್ಲ, ಹೊಸ್ತಿಲು ತುಳೀತಾರಾ ಅಂದ್ರು. ಮನೆ ಮುಂದಿನ ಮೆಟ್ಲು ಅಂದಮೇಲೆ ಮಾಡಿದ್ರು. ಸುಮಾರು ನಲವತ್ತು ಜನದಲ್ಲಿ ಮೂವತ್ತರ ಹತ್ರ ಮೂರು ತಿಂಗಳಲ್ಲಿ ಮಾತ್ರೆ ಬಿಟ್ಟಿದಾರೆ, ಮಷೀನ್ ಇದ್ದಾಗ ನನ್ನ ಕೈಲಿ ಇದು ಆಗಿರ್ಲಿಲ್ಲ. ಮನೇಲಿ ಬಿಡದೆ ಮಾಡೋ ಹಾಗೆ ನಾನು ಅವರನ್ನ ಹೇಗೆ ಒಪ್ಪಿಸ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಕ್ಲಿನಿಕ್ಕಿಗೆ ಬನ್ನಿ, ನೋಡಿ.

ನಡುವೆ ಇನ್ನೊಂದು ಕಂಡ್ಕೊಂಡೆ. ಎರಡೂ ಪಾದ ಉರಿ ಅಂತ ಬರೋರಿಗೆ ನನ್ನ ಮರಳು ಚೀಲ ಏನೂ ಮಾಡ್ಲಿಲ್ಲ. ಶುಗರ್ ನೋಡಿಸ್ದೆ, ಬಹಳ ಜನಕ್ಕೆ ಇತ್ತು. ವರ್ಷಗಟ್ಟಲೆ ಶುಗರ್ ಮಾತ್ರೆ ಮೆಟ್ಫಾರ್ಮಿನ್ ನುಂಗಿದವ್ರಿಗೆ ವಿಟಮಿನ್ ಬಿ12 ಕಮ್ಮಿ ಆಗಿರ್ಬಹುದು, ಅದನ್ನೂ ಫಿಸಿಷಿಯನ್ ಹತ್ರ ಟೆಸ್ಟ್ ಮಾಡಿಸ್ತೀನಿ. ಒಬ್ರು ಮರಗಟ್ಟಿದ ಪಾದಕ್ಕೆ ಬಿಸಿ ಇಟ್ಟಿಗೆ ಶಾಖ ಕೊಟ್ಕೊಂಡು ಬೊಬ್ಬೆ ಎದ್ದು ಬಂದಿದ್ರು, ನೋಡಕ್ಕಾಗ್ಲಿಲ್ಲ. ಅವತ್ತಿಂದ ಮೋನೋಫಿಲಮೆಂಟ್ (ಸ್ಪರ್ಶ ಗೊತ್ತಾಗುತ್ತಾ ಅಂತ ನೋಡೋ ನೈಲಾನ್ ಎಳೆ) ಪಾದಕ್ಕೆ ಒತ್ತಿ ನೋಡದೇ ಯಾರಿಗೂ ಶಾಖ ಹೇಳಲ್ಲ.

ಈಗ ತಲೇಲಿರೋದು ಸೊಂಟಕ್ಕೆ ಕಟ್ಕೊಳ್ಳೋ ಸ್ಟೂಲು. ಕಳೆ ಬಿಡಿ ಅಂದ್ರೆ ಮನೆ ನಡೆಯಲ್ಲ, ಕೂರೋ ರೀತೀನೇ ಬದಲಾಗ್ಬೇಕು. ಮರದ್ದು ಭಾರ ಆಯ್ತು. ಗಟ್ಟಿ ಫೋಮಿಂದು, ಎಂಟೊಂಬತ್ತು ಇಂಚು ಎತ್ತರ, ಹಳೇ ಬೆಲ್ಟು ಹಾಕಿ ಮಾಡಿದ್ದು ಸುಮಾರು 180 ರೂಪಾಯಿಗೆ ಆಯ್ತು, ಹನ್ನೆರಡು ಜನಕ್ಕೆ ಕೊಟ್ಟೆ, ಒಂಬತ್ತು ಜನ ಇನ್ನೂ ಕಟ್ಕೊಂಡು ಹೋಗ್ತಿದಾರೆ. ಮಳೆ ಬಂದ ಎರೆ ಹೊಲದಲ್ಲಿ ಮಣ್ಣು ಮೆತ್ಕೊಂಡು ಎರಡು ಕೆಜಿ ಆಗುತ್ತೆ ಅಂತಾರೆ, ತಳಕ್ಕೆ ಹಳೇ ಟ್ಯೂಬ್ ರಬ್ಬರ್ ಅಂಟಿಸಿ ನೋಡ್ತಿದೀನಿ.