ಆರ್‌ಪಿಜಿ ಕಾಳಗ: ಟರ್ನ್ ಬೇಸ್ಡಾ, ರಿಯಲ್ ಟೈಮಾ?

ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್, ನಿಮಗೆ ಹೊಸದಾ? ಟರ್ನ್ ಬೇಸ್ಡ್‌ನಿಂದಲೇ, ಅಂದರೆ ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ಹೊಡೆದಾಡುವ ಆಟದಿಂದಲೇ ಶುರು ಮಾಡಿ. ದಾವಣಗೆರೆಯಲ್ಲಿ ನಮ್ಮ ಮನೆಗೆ ಬರುವ ಹುಡುಗರಿಗೆಲ್ಲ ನಾನು ಮೊದಲು ಹಾಕಿಕೊಡುವುದು 2023ರ ಬಾಲ್ಡರ್ಸ್ ಗೇಟ್ 3. ನಿಮ್ಮ ಸರದಿ ಬಂದಾಗ ಅವಸರವೇ ಇಲ್ಲ, ಎದ್ದು ಹೋಗಿ ಬೆಣ್ಣೆ ದೋಸೆ ತಿಂದು ಬಂದರೂ ಶತ್ರು ಅಲ್ಲೇ ನಿಂತಿರುತ್ತಾನೆ. ಮೊದಲು ಎತ್ತರದ ಜಾಗ ಹಿಡಿಯಿರಿ, ಅಲ್ಲಿಂದ ಬಿಟ್ಟ ಬಾಣ ಗುರಿ ಮುಟ್ಟುವುದು ಜಾಸ್ತಿ; ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1998ರ ಮೊದಲ ಬಾಲ್ಡರ್ಸ್ ಗೇಟ್ ಬೇರೆ ಥರ, ಅದು ರಿಯಲ್ ಟೈಮ್. ಎಲ್ಲರೂ ಒಟ್ಟಿಗೇ ಹೊಡೆದಾಡುತ್ತಾರೆ, ಸ್ಪೇಸ್ ಬಾರ್ ಒತ್ತಿದರೆ ಆಟ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೋ ಪಾಜ್ (ಆಟ ತಾನಾಗಿಯೇ ನಿಲ್ಲುವ ಆಯ್ಕೆ) ಹಾಕಿಕೊಳ್ಳಿ. ಸಣ್ಣ ಕಾಳಗ ಬೇಗ ಮುಗಿಯುತ್ತದೆ, ನನಗೆ ಅದೇ ಇಷ್ಟ.

ಎರಡೂ ಬೇಕಾ? ಪಾತ್‌ಫೈಂಡರ್: ರಾತ್ ಆಫ್ ದಿ ರೈಟಿಯಸ್ ಆಡಿ. ನಡುವೆಯೇ ಬದಲಾಯಿಸಬಹುದು: ಪುಡಿ ಶತ್ರುಗಳಿಗೆ ರಿಯಲ್ ಟೈಮ್, ದೊಡ್ಡ ಬಾಸ್ ಬಂದಾಗ ಟರ್ನ್ ಬೇಸ್ಡ್.